ಕೆಂಪು ಗಿಂಡಿ

ದಾಕ್ಷಾಯಣಮ್ಮನಿಗೆ ಕಂಡರಾಗದ ಜನ ಬಹಳ. ಪಾತ್ರೆ ಕೊಳ್ಳುವ ಮುಂಚೆ ಅದನ್ನು ಕಿವಿಯ ಹತ್ತಿರ ಹಿಡಿದು ಬಡಿಯುವವರು, ತಟ್ಟೆಯ ಮೇಲೆ ಹೆಸರು ಕೆತ್ತಿಸಿ ಆಮೇಲೆ ಅಕ್ಷರ ಸಣ್ಣದಾಯಿತು ಎನ್ನುವವರು, ಗೃಹಪ್ರವೇಶಕ್ಕೆ ಉಡುಗೊರೆ ಎಂದು ಅಂಗಡಿಯಲ್ಲಿರುವುದರಲ್ಲೇ ಹಗುರವಾದ ಬಿಂದಿಗೆಯನ್ನು ಹುಡುಕುವವರು. ಆದರೆ ಅವರೆಲ್ಲ ಬಂದು ಹೋಗುವ ಜನ. ಮನೆಯೊಳಗೇ ಇದ್ದುಕೊಂಡು, ಎರಡು ಹೊತ್ತೂ ಎದುರಿಗೇ ಕೂತು ಉಣ್ಣುತ್ತಿದ್ದವನು ಒಬ್ಬನೇ. ಅವನು ಮೈದುನ ಬಸವಕುಮಾರ.

ಅರಸೀಕೆರೆ ಪೇಟೆಯಲ್ಲಿ ಅವರದು ಮಾವನ ಕಾಲದ ಪಾತ್ರೆ ಅಂಗಡಿ. ಗಲ್ಲಾದ ಮೇಲೆ ಗಂಡ ಷಡಕ್ಷರಪ್ಪ ಕೂರುತ್ತಿದ್ದ, ಒಳಗಿನ ಸರಕನ್ನು ದಾಕ್ಷಾಯಣಮ್ಮ ನೋಡಿಕೊಳ್ಳುತ್ತಿದ್ದಳು, ಹೊರಗಿನ ಓಡಾಟ ಬಸವಕುಮಾರನದು. ಓಡಾಟ ಎಂದರೆ ಏನು? ಅವಳ ಪ್ರಕಾರ ಊರೂರಿನ ಹೋಟೆಲುಗಳಲ್ಲಿ ಕೂತು ಕಾಫಿ ಕುಡಿದು ಬರುವುದು. ನಲವತ್ತೈದು ದಾಟಿದರೂ ಅವನಿಗೆ ಮದುವೆಯಾಗಿರಲಿಲ್ಲ. ನೋಡಿದ ಹೆಣ್ಣುಗಳೆಲ್ಲ ಬೇಡವೆಂದಿದ್ದವು. ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಅವಳಿಗೆ ಕಂಡಿರಲಿಲ್ಲ. ಆ ಹುಡುಗಿಯರಿಗೆ ಕಣ್ಣಿತ್ತಲ್ಲ ಎಂದು ಸಮಾಧಾನವಾಗಿತ್ತು, ಅಷ್ಟೇ.

ಮನೆಗೆಲ್ಲ ಸೇರಿ ಒಂದೇ ಕಾರು. ಷಡಕ್ಷರಪ್ಪನಿಗೆ ಕಾರಿಗೂ ಕಾಲಿನ ಚಪ್ಪಲಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಹೊರಟಾಗ ಬಾಗಿಲಲ್ಲಿದ್ದರೆ ಸಾಕು. ಬಸವಕುಮಾರ ಸೀಟನ್ನು ಹಿಂದಕ್ಕೆ ಮಲಗಿಸಿ, ಒಂದು ಕೈಯನ್ನು ಕಿಟಕಿಯ ಹೊರಗೆ ಇಳಿಬಿಟ್ಟು ಓಡಿಸುತ್ತಿದ್ದ. ಅವನು ತಂದು ನಿಲ್ಲಿಸಿದ ಕಾರಿನಲ್ಲಿ ಕಡಲೆಕಾಯಿ ಸಿಪ್ಪೆ ಇಲ್ಲದ ದಿನವಿಲ್ಲ. ದಾಕ್ಷಾಯಣಮ್ಮ ಐದು ವರ್ಷದ ಕೆಳಗೆ, ತನ್ನ ನಲವತ್ತಾರನೆಯ ವಯಸ್ಸಿನಲ್ಲಿ, ಡ್ರೈವಿಂಗ್ ಕಲಿತಿದ್ದಳು. ಅಂದಿನಿಂದ ಆ ಕಾರನ್ನು ಕಾರಿನಂತೆ ನೋಡಿಕೊಳ್ಳುವವಳು ತಾನೊಬ್ಬಳೇ ಎಂದು ಅವಳ ನಂಬಿಕೆ. ಬೆಳಗಾದರೆ ಒದ್ದೆ ಬಟ್ಟೆಯಲ್ಲಿ ಗಾಜು ಒರೆಸುತ್ತಿದ್ದಳು, ಮತ್ತೆ ಒಣ ಬಟ್ಟೆಯಲ್ಲಿ ಒರೆಸುತ್ತಿದ್ದಳು, ಸ್ಟೀರಿಂಗಿಗೆ ಊದುಬತ್ತಿ ಬೆಳಗುತ್ತಿದ್ದಳು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಫೋನಿನಲ್ಲಿ ಕಾರಿನ ವಿಡಿಯೋಗಳನ್ನು ನೋಡುತ್ತಿದ್ದಳು.

ಆದ್ದರಿಂದಲೇ, ಒಂದು ದಿನ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಸ್ಟೀರಿಂಗಿನ ಹಿಂದೆ ಕೆಂಪು ದೀಪ ಹತ್ತಿದಾಗ ಅವಳು ಗಾಬರಿಯಾಗಲಿಲ್ಲ. ಪಾತ್ರೆ ಅಂಗಡಿಯವಳ ಕಣ್ಣಿಗೆ ಅದು ಥೇಟ್ ಗಿಂಡಿ. ಉದ್ದ ಮೂತಿ, ಮೂತಿಯ ತುದಿಯಲ್ಲಿ ಒಂದು ತೊಟ್ಟು. ಇಂಜಿನ್ ಎಣ್ಣೆ ಕಡಿಮೆಯಾಗಿದೆ ಎಂದು ಅದರ ಅರ್ಥ. ತಕ್ಷಣ ಕಾರನ್ನು ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದಳು, ಎದುರಿನ ಅಂಗಡಿಯಿಂದ ಒಂದು ಲೀಟರ್ ಡಬ್ಬಿ ತಂದು ಸುರಿದಳು. ಎಣ್ಣೆ ನೋಡುವ ಕಡ್ಡಿಯನ್ನು ಎಳೆಯುವ ಗೋಜಿಗೆ ಹೋಗಲಿಲ್ಲ. ಗಿಂಡಿಯೇ ಹೇಳುತ್ತಿರುವಾಗ ಕಡ್ಡಿ ಎಳೆದು ಕೈ ಮಸಿ ಮಾಡಿಕೊಳ್ಳುವುದೇಕೆ? ಮತ್ತೆ ಹೊರಟಾಗ ದೀಪ ಹತ್ತಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಗಂಡನಿಗೆ ಹೇಳಿದರೆ ಹೂಂ ಎನ್ನುತ್ತಾನೆ. ಮೈದುನನಿಗೆ ಹೇಳುವುದಂತೂ ದಂಡ. ಬಾನೆಟ್ ತೆರೆಯುವ ಹಿಡಿ ಎಲ್ಲಿದೆ ಎಂದೂ ಆ ಮಹಾನುಭಾವನಿಗೆ ಗೊತ್ತಿರಲಾರದು. ವಾರದ ನಂತರ ಗಿಂಡಿ ಮತ್ತೊಮ್ಮೆ ಮಿನುಗಿತು. ಅವಳು ಮತ್ತೊಂದಷ್ಟು ಎಣ್ಣೆ ಹಾಕಿ, ಉಳಿದ ಡಬ್ಬಿಯನ್ನು ಡಿಕ್ಕಿಯಲ್ಲಿಟ್ಟಳು.

ಈ ನಡುವೆ ಬೇಲೂರಿನ ಒಂದು ಕಲ್ಯಾಣ ಮಂಟಪದಿಂದ ದೊಡ್ಡ ಆರ್ಡರ್ ಬಂತು. ತಂದವನು ಬಸವಕುಮಾರನೇ. ಎರಡು ಹಿತ್ತಾಳೆ ಕೊಳಗ, ನಾಲ್ಕು ತಪ್ಪಲೆ, ಸೌಟು, ಜಾಲರಿ, ಅನ್ನದ ಕೈಗಳು. ಮಾಲೀಕ ಹೊಸಬ. ಮಂಟಪದಲ್ಲಿ ಮರುದಿನವೇ ಮೊದಲ ಮದುವೆ.

"ನಾನೇ ಕೊಟ್ಟು ಬತ್ತೀನಿ" ಎಂದ ಬಸವಕುಮಾರ.

"ನೀನು ಕೊಟ್ಟು ಬರೋದನ್ನ ನೋಡಿದೀನಿ ಬಿಡು" ಎಂದಳು ದಾಕ್ಷಾಯಣಮ್ಮ. "ಗೆಂಡೆಹಳ್ಳಿಗೆ ಕಳಿಸಿದ ಹಂಡೆ ಮೂರು ಕಡೆ ನೆಗ್ಗಿಸಿಕೊಂಡು ಹೋಗಿತ್ತು. ನಾನೂ ಬರ್ತೀನಿ. ನಾನೇ ಓಡಿಸ್ತೀನಿ."

ಬಸವಕುಮಾರ ಏನೂ ಹೇಳಲಿಲ್ಲ. ಅವನು ಸುಮ್ಮನಿದ್ದರೆ ಅವಳಿಗೆ ಇನ್ನೂ ತಾತ್ಸಾರ. ಮಾತಾಡಲು ಏನೂ ಇಲ್ಲದವನು ಸುಮ್ಮನಿರದೆ ಇನ್ನೇನು ಮಾಡುತ್ತಾನೆ?

ಹಿಂದಿನ ಸೀಟು ಮಡಚಿ ತಪ್ಪಲೆಗಳನ್ನು ತುಂಬಿ, ಕೊಳಗಗಳನ್ನು ಕಾರಿನ ತಲೆಯ ಮೇಲೆ ಬೋರಲು ಹಾಕಿ ಹಗ್ಗ ಬಿಗಿದು ಹೊರಟರು. ದಾರಿಯುದ್ದಕ್ಕೂ ಹಿಂದಿನಿಂದ ಪಾತ್ರೆಗಳ ಸದ್ದು. ಬಸವಕುಮಾರ ಪಕ್ಕದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದ. ಜಾವಗಲ್ ದಾಟಿ ಸ್ವಲ್ಪ ದೂರ ಹೋಗಿರಬಹುದು, ಕೆಂಪು ಗಿಂಡಿ ಹತ್ತಿತು. ಈ ಸಲ ಮಿನುಗಿ ಆರಲಿಲ್ಲ.

ದಾಕ್ಷಾಯಣಮ್ಮ ರಾಗಿ ಹೊಲದ ಪಕ್ಕದಲ್ಲಿ ಕಾರು ನಿಲ್ಲಿಸಿದಳು. ಹಿಂದೆ ಬರುತ್ತಿದ್ದ ಬೈಕಿನವನು ಪಕ್ಕಕ್ಕೆ ಬಂದು ಮೂಗು ಮುಚ್ಚಿಕೊಂಡೇ ಕೂಗಿದ: "ಏನ್ರಮ್ಮಾ ಇದು, ಸೊಳ್ಳೆ ಔಷಧಿ ಹೊಡಿತಾ ಬತ್ತಿದೀರಾ? ಹಿಂದೆ ರಸ್ತೇನೇ ಕಾಣಂಗಿಲ್ಲ!"

ಅವಳು ಇಳಿದು ಹಿಂದೆ ಹೋಗಿ ನೋಡಿದಳು. ದಾರಿಯ ಮೇಲೆ ನೀಲಿ ಬೆರೆತ ಬಿಳಿ ಹೊಗೆ ಇನ್ನೂ ತೇಲುತ್ತಿತ್ತು. ಸುಟ್ಟ ಎಣ್ಣೆಯ ಕಮಟು. ಬೈಕಿನವನು ನಗುತ್ತಾ ಹೊರಟುಹೋದ. ಅವನ ಬೈಕಿನ ಹಿಂದಿನ ದೀಪ ಒಡೆದುಹೋಗಿತ್ತು. ಇಂಥವನಿಂದ ಹೇಳಿಸಿಕೊಳ್ಳಬೇಕಾಯಿತಲ್ಲ ಎಂದು ಅವಳಿಗೆ ಮೈಯುರಿಯಿತು.

"ಎಣ್ಣೆ ಕಮ್ಮಿಯಾಗಿದೆ" ಎಂದಳು. "ಡಿಕ್ಕೀಲಿ ಡಬ್ಬಿ ಇದೆ, ತೆಗಿ."

"ತಪ್ಪಲೆ ಎಲ್ಲಾ ಇಳಿಸ್ಬೇಕಾಯ್ತದೆ ಅತ್ತಿಗೆ" ಎಂದ ಬಸವಕುಮಾರ. "ಎಣ್ಣೆ ಐತೆ ಬಿಡಿ. ಅದಲ್ಲ ಇದು."

"ಎಣ್ಣೆ ಇದೆ ಅಂತ ನಿನಗೇನು ಕನಸು ಬಿದ್ದಿತ್ತಾ?"

"ಇರ್ತದೆ ಬಿಡಿ" ಎಂದು ಅವನು ಹೊಲದ ಕಡೆ ತಿರುಗಿದ.

ನಡುರಸ್ತೆಯಲ್ಲಿ ಅಷ್ಟು ಪಾತ್ರೆ ಇಳಿಸಿ ಹರಡಿಕೊಂಡರೆ ಸಂತೆ ಅಂಗಡಿ ಎಂದು ಜನ ಸೇರುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಇಂಜಿನ್ ಹಾಕಿದಾಗ ದೀಪ ಆರಿತ್ತು. ಹಳೇಬೀಡು ದೂರವಿರಲಿಲ್ಲ. ದಾಕ್ಷಾಯಣಮ್ಮ ಹಲ್ಲು ಕಚ್ಚಿ, ಎತ್ತಿನ ಗಾಡಿಯ ವೇಗದಲ್ಲಿ ಕಾರನ್ನು ನಡೆಸಿಕೊಂಡು ಹೋದಳು. ಹಿಂದೆ ಹೊಗೆಯ ಬಾಲ. ದೇವಸ್ಥಾನದ ಮುಂದೆ ಪ್ರವಾಸದ ಬಸ್ಸಿನಿಂದ ಇಳಿಯುತ್ತಿದ್ದವರು ಗೋಪುರವಿಲ್ಲದ ಗುಡಿಯನ್ನು ಬಿಟ್ಟು, ತಲೆಯ ಮೇಲೆ ಕೊಳಗ ಹೊತ್ತು ಹೊಗೆ ಉಗುಳುವ ಕಾರಿನ ಕಡೆ ಫೋನ್ ತಿರುಗಿಸಿದರು. ಬಸವಕುಮಾರ ಕಿಟಕಿಯಿಂದ ಅವರಿಗೆ ಕೈ ಬೀಸಿದ. ನಾಚಿಕೆ ಎಂಬುದು ಇವನ ಹತ್ತಿರ ಸುಳಿದೇ ಇಲ್ಲ ಎಂದುಕೊಂಡಳು.

ಕೆರೆಯ ಕಡೆ ಹೋಗುವ ರಸ್ತೆಯಲ್ಲಿ ತಗಡಿನ ಶೀಟು ಹೊದಿಸಿದ ಒಂದು ಗ್ಯಾರೇಜು. ಅದರ ಮಾಲೀಕ ಭೀಮರಾಜ್ ಹೊಸ ಬಿಳಿ ಪ್ಯಾಂಟು ಹಾಕಿಕೊಂಡು, ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. ಗ್ಯಾರೇಜಿನಲ್ಲಿ ಬಿಳಿ ಪ್ಯಾಂಟು ಹಾಕುವವನಿಗೆ ಎಷ್ಟು ಕೆಲಸವಿರುತ್ತದೆ ಎಂದು ದಾಕ್ಷಾಯಣಮ್ಮ ಅಲ್ಲಿಯೇ ಲೆಕ್ಕ ಹಾಕಿದಳು. ಅವನು ಫೋನನ್ನು ಕಿವಿಯಿಂದ ತೆಗೆಯದೆ, ಇಂಜಿನ್ ಒಮ್ಮೆ ಜೋರು ಮಾಡಿ ಎಂದು ಕೈಸನ್ನೆ ಮಾಡಿದ. ಅವಳು ಮಾಡಿದಳು. ಗ್ಯಾರೇಜಿನ ತುಂಬ ಹೊಗೆ. ಅವನು ಕೆಮ್ಮಿದ.

"ಪಿಸ್ಟನ್ ರಿಂಗ್ ಹೋಗೈತಮ್ಮಾ" ಎಂದ. "ಇಂಜಿನ್ ಕೆಳಗಿಳಿಸ್ಬೇಕು. ಇಲ್ಲೇ ಬಿಟ್ಟೋಗಿ, ಮುಂದಿನ ವಾರ ನೋಡಣ."

"ಬಾನೆಟ್ ತೆಗೆದು ನೋಡಲ್ವೇನಪ್ಪಾ?"

"ಯಾಕಮ್ಮಾ?"

"ಕಡ್ಡಿ ಎಳೆದು ಎಣ್ಣೆ ಎಷ್ಟಿದೆ ಅಂತಾದ್ರೂ ನೋಡು."

"ಅದೇನ್ ನೋಡೋದು? ಹೊಗೆನೇ ಹೇಳ್ತೈತಲ್ಲ!" ಎಂದು ಅವನು ಮತ್ತೆ ಫೋನಿಗೆ ತಿರುಗಿದ.

ದಾಕ್ಷಾಯಣಮ್ಮನಿಗೆ ರೇಗಿಹೋಯಿತು. ನೋಡದೆಯೇ ಹೇಳುವ ಇಂಥ ದಡ್ಡರಿಗೆ ಯಾರು ಗ್ಯಾರೇಜು ಹಾಕಿಕೊಡುತ್ತಾರೋ! ಬಾನೆಟ್ ತಾನೇ ತೆರೆದಳು. ಗಾಜು ಒರೆಸುವ ಬಟ್ಟೆಯಿಂದ ಹಿಡಿದು ಕಡ್ಡಿ ಎಳೆದಳು, ಒರೆಸಿದಳು, ಮತ್ತೆ ಇಳಿಬಿಟ್ಟು ಎಳೆದಳು. ಕಡ್ಡಿಯ ತುದಿಯಲ್ಲಿ ಎರಡು ಗುರುತು. ಕೆಳಗಿನದು ಕಡಿಮೆ, ಮೇಲಿನದು ಭರ್ತಿ. ಎಣ್ಣೆ ಮೇಲಿನ ಗುರುತನ್ನು ದಾಟಿ ಎರಡು ಬೆರಳಿನಷ್ಟು ಏರಿತ್ತು.

ಒಂದು ಕ್ಷಣ ಅವಳಿಗೆ ಅರ್ಥವೇ ಆಗಲಿಲ್ಲ. ಆಮೇಲೆ ಅರ್ಥವಾಯಿತು. ಎಣ್ಣೆ ಯಾವತ್ತೂ ಕಡಿಮೆಯಾಗಿರಲಿಲ್ಲ. ಗಿಂಡಿ ಸುಳ್ಳು ಹೇಳಿತ್ತು. ತಾನು ತುಂಬಿದ್ದರ ಮೇಲೆ ತುಂಬಿದ್ದಳು. ಆದರೆ ತಾನು ಹಾಕಿದ್ದು ಒಂದೂವರೆ ಡಬ್ಬಿ. ಅಷ್ಟಕ್ಕೇ ಇಷ್ಟು ಮೇಲೆ ಬರುತ್ತದೆಯೇ?

ಅಷ್ಟು ಹೊತ್ತಿಗೆ ಭೀಮರಾಜ್ ಎದ್ದುಬಂದು ಕಡ್ಡಿಯನ್ನು ಇಣುಕಿ ನೋಡಿ ಹೋ ಎಂದು ನಕ್ಕ. "ಯಾರಮ್ಮಾ ಈ ಪಾಟಿ ಎಣ್ಣೆ ಹುಯ್ದೋರು? ಕಾರೇನು ಬೋಂಡದ ಬಾಣ್ಲೀನಾ? ಹೆಚ್ಚಾಗಿದ್ದು ನೊರೆ ಎದ್ದು, ಗಾಳಿ ಪೈಪಿನಾಗೆ ಏರಿ ಸುಡ್ತಾ ಐತೆ. ಅದುಕ್ಕೇ ಹೊಗೆ."

ದಾಕ್ಷಾಯಣಮ್ಮ ತುಟಿ ಬಿಗಿ ಹಿಡಿದಳು. ಈ ಬಿಳಿ ಪ್ಯಾಂಟಿನವನ ಮುಂದೆ ಒಪ್ಪಿಕೊಳ್ಳುವುದೇ? ಸಾಧ್ಯವಿಲ್ಲ.

"ನಾನೇ ಹಾಕಿದ್ದು" ಎಂದ ಬಸವಕುಮಾರ ಹಿಂದಿನಿಂದ.

ಅವಳು ತಿರುಗಿದಳು. ಅವನ ಮುಖದಲ್ಲಿ ಅಳುಕಿರಲಿಲ್ಲ. ಅವಳಿಗೆ ಎಷ್ಟು ಹಗುರವಾಯಿತೆಂದರೆ, ಹೇಳಬೇಕಾದ ಮಾತುಗಳೆಲ್ಲ ಸಾಲಾಗಿ ಬಾಯಿಗೆ ಬಂದವು. "ನೀನಾ? ನಿನಗೆ ಯಾರು ಹೇಳಿದ್ರು ಹಾಕು ಅಂತ? ನನ್ನ ಒಂದು ಮಾತು ಕೇಳಬಾರದಾಗಿತ್ತಾ?"

"ನಿಮ್ಮನ್ನೇನ್ ಕೇಳೋದು ಅತ್ತಿಗೆ?" ಎಂದ ಬಸವಕುಮಾರ. "ಬಾಣಾವರಕ್ಕೆ ಹೋದಾಗ ಲೈಟ್ ಹತ್ತಿತ್ತು. ಒಂದು ಡಬ್ಬಿ ಹಾಕ್ದೆ. ನೀವಂತೂ ನೋಡ್ಕಳಲ್ಲ. ಗಾಜು ಒರೆಸ್ತೀರಿ, ಊದುಬತ್ತಿ ಬೆಳಗ್ತೀರಿ. ಒಳಗೆ ಇಂಜಿನ್ ಅಂತ ಒಂದೈತೆ ಅನ್ನೋದು ನಿಮಗೆ ಗೊತ್ತಿರ್ತದೆ ಅಂತಾನೇ ನಾನು ಅನ್ಕಂಡಿರ್ಲಿಲ್ಲ."

ಅವನು ಕೋಪದಲ್ಲಿ ಹೇಳಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಹೀಯಾಳಿಸಲು ಹೇಳಿದ್ದರೆ ಎರಡರಷ್ಟು ತಿರುಗಿ ಕೊಡುತ್ತಿದ್ದಳು. ಅವನು ಹೇಳಿದ್ದು ತೀರಾ ಮಾಮೂಲಿನಂತೆ, ಅವಳು ಗಂಡನ ಹತ್ತಿರ ಇವನ ಬಗ್ಗೆ ಹೇಳುತ್ತಿದ್ದ ಅದೇ ಧಾಟಿಯಲ್ಲಿ. ಎಲ್ಲರಿಗೂ ಗೊತ್ತಿರುವ ಸಂಗತಿ, ಹೇಳುವುದರಲ್ಲಿ ವಿಶೇಷವಿಲ್ಲ ಎಂಬಂತೆ.

"ಗೇರ್ ಬದಲಾಯಿಸದೆ ಎಳಿತೀರಿ" ಎಂದು ಅವನು ಮುಂದುವರಿಸಿದ. ಒಮ್ಮೆ ಬಾಯಿ ತೆರೆದವನಿಗೆ ನಿಲ್ಲಿಸಲಾಗಲಿಲ್ಲ. "ಇಂಜಿನ್ ಬಡ್ಕಂತಿದ್ರೂ ನಿಮಗೆ ಕೇಳ್ಸಲ್ಲ. ನೀವು ಕಾರು ತಂದು ನಿಲ್ಸಿದ್ ಮೇಲೆ, ನೀವು ಒಳಗೋದ್ರಾ ಅಂತ ನೋಡಿ, ನಾನು ಬಾನೆಟ್ ಮುಟ್ಟಿ ನೋಡ್ತೀನಿ. ಕೈ ಇಡಕ್ಕಾಗಲ್ಲ, ಹಂಗೆ ಕಾದಿರ್ತದೆ."

"ನಾನೂ ಹಾಕಿದೀನಿ!" ಎಂದಳು ದಾಕ್ಷಾಯಣಮ್ಮ.

ಹೇಳಬಾರದೆಂದು ಬಿಗಿಹಿಡಿದಿದ್ದ ಮಾತು ತಾನಾಗಿ ಹೊರಬಿದ್ದಿತ್ತು. ಪಶ್ಚಾತ್ತಾಪ ಗಿಶ್ಚಾತ್ತಾಪ ಏನೂ ಇಲ್ಲ. ಇಂಜಿನ್ ಇರುವುದೇ ತನಗೆ ಗೊತ್ತಿಲ್ಲ ಎಂದನಲ್ಲ, ಆ ಮಾತನ್ನು ಅವನ ಬಾಯಿಗೆ ವಾಪಸ್ಸು ತುರುಕಬೇಕಿತ್ತು.

"ನಿನಗಿಂತ ಮುಂಚೆ ಹಾಕಿದೀನಿ. ಲೈಟು ಹತ್ತಿದ ಕೂಡಲೇ ನಿಲ್ಲಿಸಿ ಹಾಕಿದೀನಿ. ಎರಡು ಸಲ!"

ಬಸವಕುಮಾರ ಅವಳನ್ನು ನೋಡಿದ. ಕಡ್ಡಿಯನ್ನು ನೋಡಿದ. ಭೀಮರಾಜ್ ಈಗ ನಗು ತಡೆಯಲಾಗದೆ ಕಾರಿನ ಮೇಲೆ ಕೈಯೂರಿ ಬಗ್ಗಿಬಿಟ್ಟ. "ಇಬ್ರೂ ಪೈಪೋಟಿ ಮೇಲೆ ಹಾಕವ್ರಲ್ಲಪ್ಪಾ!"

"ನೀನ್ಯಾಕಯ್ಯಾ ನಗ್ತೀಯ?" ಎಂದಳು ದಾಕ್ಷಾಯಣಮ್ಮ.

"ಈಗ್ತಾನೆ ಇಂಜಿನ್ ಇಳಿಸ್ಬೇಕು ಅಂತಿದ್ದೋನು ನೀನೇ ತಾನೆ?" ಎಂದ ಬಸವಕುಮಾರ ಅದೇ ಉಸಿರಿನಲ್ಲಿ. "ನೋಡ್ದೆ ಗೀಡ್ದೆ ರಿಂಗ್ ಹೋಗೈತೆ ಅಂದೆ. ನಾವು ಹಂಗೇ ಬಿಟ್ಟು ಹೋಗಿದ್ರೆ ಬಿಚ್ಚಿ ಹರವಿರ್ತಿದ್ದೆ."

ಭೀಮರಾಜ್ ನಗು ನುಂಗಿಕೊಂಡು, ಬಿಳಿ ಪ್ಯಾಂಟಿನ ಮೇಲೆ ಹಳೆಯ ಲುಂಗಿ ಸುತ್ತಿಕೊಂಡು ಕಾರಿನ ಕೆಳಗೆ ತೂರಿದ. ಹೆಚ್ಚಿನ ಎಣ್ಣೆಯನ್ನು ಬಾಂಡ್ಲಿಗೆ ಇಳಿಸಿ, ಕಡ್ಡಿಯ ಗುರುತಿಗೆ ಸರಿಯಾಗಿ ನಿಲ್ಲಿಸಿದ. ಇಂಜಿನ್ ಹಾಕಿದಾಗ ಹೊಗೆ ಕೊಂಚ ಹೊತ್ತು ಬಂದು ತೆಳ್ಳಗಾಯಿತು. ಕೆಂಪು ಗಿಂಡಿ ಮಾತ್ರ ಮತ್ತೆ ಮಿನುಗಿತು.

"ಈಗೇನಂತೀಯ?" ಎಂದಳು ದಾಕ್ಷಾಯಣಮ್ಮ. "ನೋಡಿ ಹೇಳು."

ಭೀಮರಾಜ್ ಈ ಸಲ ನೋಡಿದ. ಎಣ್ಣೆಯ ಒತ್ತಡ ಅಳೆಯುವ ಮೀಟರನ್ನು ಎಲ್ಲಿಂದಲೋ ಇಸಿದುಕೊಂಡು ಬಂದು ಇಂಜಿನ್ನಿಗೆ ಸಿಕ್ಕಿಸಿದ. ಒತ್ತಡ ಸರಿಯಾಗಿತ್ತು. ಕೆಟ್ಟಿದ್ದುದು ದೀಪ ಹತ್ತಿಸುವ ಹೆಬ್ಬೆರಳು ಗಾತ್ರದ ಸ್ವಿಚ್ಚು. ಅದರ ಒಳಗೆ ಎಣ್ಣೆ ಜಿನುಗಿ, ದೀಪ ಮನಸ್ಸು ಬಂದಾಗ ಹತ್ತಿ ಮನಸ್ಸು ಬಂದಾಗ ಆರುತ್ತಿತ್ತು. ಹೊಸದನ್ನು ತರಲು ಅವನು ಪೇಟೆಗೆ ಹೋದ.

ಇಬ್ಬರೂ ಗ್ಯಾರೇಜಿನ ಮುಂದಿನ ಕಲ್ಲುಚಪ್ಪಡಿಯ ಮೇಲೆ ಕೂತರು. ನಡುವೆ ಇಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು. ಪ್ರವಾಸಿಗಳು ಎಳನೀರು ಕುಡಿಯುತ್ತಾ ಓಡಾಡುತ್ತಿದ್ದರು. ದಾಕ್ಷಾಯಣಮ್ಮನಿಗೆ ಎದೆಯೊಳಗೆ ಉರಿಯುತ್ತಲೇ ಇತ್ತು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವಳು ಈ ಮೈದುನನನ್ನು ಕೀಳಾಗಿ ಕಂಡಿದ್ದಳು. ಅದು ಅವಳ ಹಕ್ಕು ಎಂಬಂತೆ. ಅಷ್ಟು ಕಾಲವೂ ಅವನು ಎದುರಿಗೆ ಕೂತು ಅನ್ನ ಕಲೆಸುತ್ತಾ ತನ್ನನ್ನೂ ಹಾಗೆಯೇ ನೋಡುತ್ತಿದ್ದ ಎಂದರೆ! ಇವನಿಗೂ ಒಂದು ಕಣ್ಣಿದೆ, ಅದರಲ್ಲಿ ತಾನು ಬೀಳುತ್ತೇನೆ ಎಂಬುದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಯಾವಾಗಿನಿಂದ?" ಎಂದಳು ಕೊನೆಗೆ.

"ಏನು ಯಾವಾಗಿಂದ?"

"ನನಗೆ ಏನೂ ಗೊತ್ತಿಲ್ಲ ಅಂತ ನೀನು ಅಂದ್ಕೊಂಡಿರೋದು."

ಬಸವಕುಮಾರ ಪ್ರಾಮಾಣಿಕವಾಗಿ ಯೋಚಿಸಿದ. "ಮೊದ್ಲಿಂದಾನೂ" ಎಂದ. "ನೀವೂ ನನ್ನ ಬಗ್ಗೆ ಹಂಗೇ ಅಲ್ವಾ?"

"ಹೂಂ" ಎಂದಳು ದಾಕ್ಷಾಯಣಮ್ಮ. ಸುಳ್ಳು ಹೇಳಲು ಕಾರಣ ಕಾಣಲಿಲ್ಲ.

"ಸರಿ ಬಿಡಿ ಮತ್ತೆ" ಎಂದು ಅವನು ಜೇಬಿನಿಂದ ಕಡಲೆಕಾಯಿ ತೆಗೆದು ಚಪ್ಪಡಿಯ ಮೇಲೆ, ನಡುವಿನ ಖಾಲಿ ಜಾಗದಲ್ಲಿ, ಒಂದು ಹಿಡಿ ಸುರಿದ. ಅವಳು ಮುಟ್ಟಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಂದನ್ನು ತೆಗೆದುಕೊಂಡಳು. ಸಿಪ್ಪೆಯನ್ನು ಕೈಯಲ್ಲೇ ಹಿಡಿದಿಟ್ಟುಕೊಂಡಳು. ಅವನ ಹಾಗೆ ಕೆಳಗೆ ಚೆಲ್ಲುವವಳಲ್ಲ.

ಹೊಸ ಸ್ವಿಚ್ಚು ಹಾಕಿಸಿಕೊಂಡು ಬೇಲೂರು ತಲುಪಿದಾಗ ಸಂಜೆಯಾಗಿತ್ತು. ಕಲ್ಯಾಣ ಮಂಟಪದ ಮೆಟ್ಟಿಲ ಮೇಲೆ ಮಾಲೀಕ ಸಿದ್ಧಾರ್ಥ ನಿಂತಿದ್ದ. ಅರೇಹಳ್ಳಿ ಕಡೆಯ ಕಾಫಿ ತೋಟದವರ ಮಗ, ಮೂವತ್ತರ ಒಳಗಿನವನು. ಬಿಸಿಲು ಹೋಗಿ ಎಷ್ಟೋ ಹೊತ್ತಾಗಿದ್ದರೂ ಕಪ್ಪು ಕನ್ನಡಕ ಅವನ ತಲೆಗೂದಲ ಮೇಲೆ ಕೂತಿತ್ತು.

"ಏನ್ ಆಂಟಿ, ಇಷ್ಟು ಲೇಟಾ? ನಾಳೆ ಫಂಕ್ಷನ್ ಇದೆ" ಎಂದ.

ಆಂಟಿ ಎಂಬ ಮಾತು ಕೇಳಿಯೇ ದಾಕ್ಷಾಯಣಮ್ಮನ ಹುಬ್ಬು ಏರಿತು. ಬಸವಕುಮಾರ ಹಗ್ಗ ಬಿಚ್ಚಿ ಕೊಳಗಗಳನ್ನು ಇಳಿಸಿದ. ಒಂದೂ ನೆಗ್ಗಿರಲಿಲ್ಲ ಎಂಬುದನ್ನು ಅವಳು ಗಮನಿಸಿದಳು, ಹೇಳಲಿಲ್ಲ. ಸಿದ್ಧಾರ್ಥ ಹತ್ತಿರ ಬಂದು ಹೊಳೆಯುವ ಹಳದಿ ಕೊಳಗವನ್ನು ಬೆರಳ ಗೆಣ್ಣಿನಿಂದ ಕುಟ್ಟಿದ.

"ಇದು ಒರಿಜಿನಲ್ ತಾಮ್ರಾನೇ ತಾನೆ?"

ದಾಕ್ಷಾಯಣಮ್ಮ ಬಸವಕುಮಾರನ ಕಡೆ ನೋಡಿದಳು. ಬಸವಕುಮಾರ ಅವಳ ಕಡೆ ನೋಡಿದ. ಇಬ್ಬರೂ ಬೇಗ ಬೇರೆ ಕಡೆ ನೋಡಿದರು.

"ಹಿತ್ತಾಳೆ ಸಾರ್" ಎಂದ ಬಸವಕುಮಾರ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. "ನೀವು ಆರ್ಡರ್ ಕೊಟ್ಟಿದ್ದು ಹಿತ್ತಾಳೇದು."

"ಹಾಂ, ಅದೇ ಅದೇ." ಅವನು ಕೊಳಗದ ಒಳಗೆ ತಲೆ ಹಾಕಿದ. ಕನ್ನಡಕ ಜಾರಿ ಒಳಗೆ ಬಿತ್ತು. ಅದನ್ನು ಎತ್ತಿಕೊಂಡು, "ಒಳಗಡೆ ಎಲ್ಲಾ ಬೆಳ್ಳಗಾಗಿದೆಯಲ್ಲಾ, ಪಾಲಿಶ್ ಹೋಗ್ಬಿಟ್ಟಿದೆ. ಹಳೇ ಮಾಲಾ ಇದು?" ಎಂದ.

"ಅದು ಕಲಾಯಿ ಕಣಪ್ಪಾ" ಎಂದಳು ದಾಕ್ಷಾಯಣಮ್ಮ. "ಹಿತ್ತಾಳೆಗೆ ಒಳಗಡೆ ತವರ ಬಳಿದಿರ್ತಾರೆ. ಇಲ್ಲದಿದ್ರೆ ಹುಳಿ ಕಿಲುಬು ಹಿಡಿದು ಮದುವೆಗೆ ಬಂದ ನೆಂಟರಿಗೆಲ್ಲ ಹೊಟ್ಟೆ ತೊಳಸುತ್ತೆ."

"ನಿಮಗೆ ಬೇಡ ಅಂದ್ರೆ ಉಜ್ಜಿ ತೆಗೆದುಕೊಡ್ತೀವಿ ಸಾರ್" ಎಂದ ಬಸವಕುಮಾರ ಬಹಳ ವಿನಯದಿಂದ. "ಮದುವೆ ಊಟ ಆದ್ಮೇಲೆ ಆಸ್ಪತ್ರೆ ಮಾತ್ರ ಹತ್ರದಲ್ಲೇ ನೋಡಿಕೊಂಡಿರಿ."

ಸಿದ್ಧಾರ್ಥ ಬೇಡ ಬೇಡ ಎಂದು ಪಾತ್ರೆಗಳನ್ನು ಒಳಗೆ ಇಡಿಸಿಕೊಂಡ.

ಹೊರಡುವಾಗ ದಾಕ್ಷಾಯಣಮ್ಮನೇ ಸ್ಟೀರಿಂಗ್ ಹಿಡಿದಳು. ಊರು ದಾಟಿದ ಮೇಲೆ ಬಸವಕುಮಾರ ಸಿದ್ಧಾರ್ಥನ ಧ್ವನಿ ತೆಗೆದು, "ಒರಿಜಿನಲ್ ತಾಮ್ರಾನೇ ತಾನೆ ಆಂಟಿ?" ಎಂದ.

ದಾಕ್ಷಾಯಣಮ್ಮ ಫಕ್ಕನೆ ನಕ್ಕಳು. ನಕ್ಕಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು, ಆದರೆ ನಗು ನಿಲ್ಲಲಿಲ್ಲ. "ತಲೆಯೊಳಗೆ ಏನೂ ಇಲ್ಲ ಅಂತಾನೇ ಮೇಲೆ ಕನ್ನಡಕ ಇಟ್ಕೊಂಡಿದಾನೆ" ಎಂದಳು. ಅವನ ಮೆಟ್ಟಿಲುಗಳ ಮೇಲೆ ಹಾಸಿದ್ದ ಪ್ಲಾಸ್ಟಿಕ್ ಹುಲ್ಲನ್ನು ಬಸವಕುಮಾರ ನೆನಪಿಸಿದ. ಬಾಗಿಲಿಗೆ ಹಚ್ಚಿದ್ದ ಬಂಗಾರದ ಬಣ್ಣವನ್ನು ಅವಳು ನೆನಪಿಸಿದಳು. ಇಷ್ಟು ಚೆನ್ನಾಗಿ ಒಬ್ಬರನ್ನು ಹೀಗಳೆಯಲು ಇವನಿಗೆ ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಹಳೇಬೀಡು ಹಿಂದೆ ಸರಿದದ್ದು ಅವಳಿಗೆ ತಿಳಿಯಲೇ ಇಲ್ಲ.

ಜಾವಗಲ್ ಹತ್ತಿರದ ಏರಿನಲ್ಲಿ ಬಸವಕುಮಾರ ಮಾತು ನಿಲ್ಲಿಸಿ, "ಗೇರ್, ಅತ್ತಿಗೆ" ಎಂದ.

"ಗೊತ್ತು" ಎಂದಳು. ಬದಲಾಯಿಸಿದಳು.

ಅವರು ಬಂದಾಗ ಷಡಕ್ಷರಪ್ಪ ಅಂಗಡಿಯ ಬಾಗಿಲು ಎಳೆಯುತ್ತಿದ್ದ. "ಯಾಕಿಷ್ಟು ತಡ? ಕಾರು ತೊಂದರೆ ಕೊಡ್ತಾ?" ಎಂದ.

"ಕಾರಿಗೇನು, ಚೆನ್ನಾಗಿದೆ" ಎಂದಳು ದಾಕ್ಷಾಯಣಮ್ಮ. "ಆ ಮಂಟಪದವನ ಕಥೆ ಕೇಳಿ ಮೊದಲು."

"ಅಣ್ಣಾ, ಅವನು ಹಿತ್ತಾಳೆ ಕೊಳಗ ನೋಡಿ ಏನಂದ ಗೊತ್ತಾ?" ಎಂದು ಬಸವಕುಮಾರ ಶುರುಮಾಡಿದ.

"ಮೊದಲು ಕುಟ್ಟಿ ನೋಡಿದ, ಅದನ್ನ ಹೇಳು" ಎಂದಳು ಅವಳು. "ಮೊದಲಿಂದ ಹೇಳು. ನೆಟ್ಟಗೆ ಹೇಳೋಕೂ ಬರಲ್ಲ ನಿನಗೆ."